ಕೊನೆಯ ಇಪ್ಪತ್ತು ಅಡಿ

ಹಾರಲು ಬರುತ್ತಿತ್ತು ನನಗೆ.
ಇದನ್ನೀಗ ಯಾರ ಮುಂದೆಯೂ ಹೇಳುವುದಿಲ್ಲ,
ಹೇಳಿದರೆ ಸಬೂಬಿನ ವಾಸನೆ.
ಮೂರು ಸಾವಿರ ಅಡಿಯ ಮೇಲೆ ನನ್ನ ಕೈ
ತುಂಬಿದ ಕೊಡ ಹೊತ್ತವಳ ನಡಿಗೆ,
ಒಂದು ಹನಿ ತುಳುಕಿದ್ದಿಲ್ಲ.

ಕೆಟ್ಟದ್ದು ಕೊನೆಯ ಇಪ್ಪತ್ತು ಅಡಿ.
ನೆಲ ಇನ್ನೂ ದೂರ ಅನ್ನುತ್ತಿತ್ತು ಕಣ್ಣು,
ಬಂದೇಬಿಟ್ಟಿತು ಅನ್ನುತ್ತಿತ್ತು ಬೆನ್ನು,
ಇಬ್ಬರ ವ್ಯಾಜ್ಯ ಮುಗಿಯುವುದರೊಳಗೆ
ಗಾಲಿ ಬಡಿದು ಕಪ್ಪೆಯ ಹಾಗೆ ಪುಟಿಯುತ್ತಿತ್ತು ವಿಮಾನ.
ಹಿಂದಿನ ಸೀಟಿನಿಂದ ಬರುವಾ ಸರ್:
"ಕಂಟ್ರೋಲ್ ನನಗೆ."
ಅಷ್ಟೇ. ಒಮ್ಮೆಯೂ ಬೈದವರಲ್ಲ.
ಬೈದಿದ್ದರೆ ಈಗ ಸಿಟ್ಟಾಗಲು
ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ.

ಹೆಚ್ಚುವರಿ ಪಾಠ ಮೂರು, ಪರೀಕ್ಷೆ ಎರಡು,
ಕಡೆಗೆ ಮುಖ್ಯ ಬೋಧಕರ ಜೊತೆ ಒಂದು ಸುತ್ತು.
ಇಳಿದ ಮೇಲೆ ಅವರು ಕೈಗವಸು ಕಳಚುತ್ತಾ
ರನ್‌ವೇ ಕಡೆಗೇ ನೋಡಿ ಹೇಳಿದರು:
"ನಿನಗೆ ಬಂದೇ ಬರುತ್ತದೆ, ನೂರು ತಾಸು ಕೊಟ್ಟರೆ.
ನನ್ನ ಹತ್ತಿರ ಇರುವುದು ಅರವತ್ತು."

ತಿಂಡಿಯ ಗಂಟೆಗೆ ಮೊದಲೇ ಹಾಸಿಗೆ ಸುತ್ತಿಡುವುದು ಅಲ್ಲಿಯ ರೀತಿ.
ಬರಿ ಮಂಚದ ಮುಂದೆ ಹಾದುಹೋಗುವವರು
ದನಿ ತಗ್ಗಿಸುತ್ತಾರೆ, ಅಂಟುಜಾಡ್ಯವೋ ಏನೋ ಎಂಬಂತೆ.
ನಾನೂ ತಗ್ಗಿಸಿದ್ದೆ,
ಅದಕ್ಕೂ ಮೊದಲಿನ ಮೂವರಿಗೆ.
ಸ್ಟೋರಿನ ಕಾರಕೂನ ಪೆನ್ಸಿಲ್ಲಿನಿಂದ ಗುರುತು ಹಾಕಿದ:
ಹೆಲ್ಮೆಟ್ ಒಂದು, ಓವರಾಲ್ ಎರಡು, ನಕಾಶೆಯ ಚೀಲ ಒಂದು.
ಕಾಲುಚೀಲ ಮರಳಿ ಬೇಡವಂತೆ.
ಅವನ್ನೇ ಹಾಕಿಕೊಂಡು ಗದಗ ಜಂಕ್ಷನ್ನಿನಲ್ಲಿ ಇಳಿದೆ.

ಬೆಟಗೇರಿಯ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಇತ್ತು,
"ನಮ್ಮ ಓಣಿಯ ಗರುಡ, ಗವಿಸಿದ್ಧ ಹುಣಸೀಮರದ."
ನನ್ನ ಮುಖದ ಹಿಂದೆ ಯಾವ ದೇಶದ್ದೋ ಎರಡು ಎಂಜಿನ್ನಿನ ಜೆಟ್,
ನಾನು ಮುಟ್ಟದ್ದು, ನೋಡದ್ದು.
ಈಗ ಅದು ರುದ್ರವ್ವನ ಮಿರ್ಚಿ ಗಾಡಿಯ ಮೇಲೆ.
ಮಳೆ ತಡೆಯುತ್ತದೆ, ಸುಳ್ಳಲ್ಲ.
ರೆಕ್ಕೆಯ ಕೆಳಗೆ ನಿಂತು ಎರಡು ಪ್ಲೇಟು ತಿಂದೆ,
ಆಕೆ ರೊಕ್ಕ ತಗೊಳ್ಳಲಿಲ್ಲ.
ಅದೊಂದೇ ಆ ದಿನ ಕಣ್ಣಲ್ಲಿ ನೀರು ತಂದದ್ದು.
ಮಿರ್ಚಿಯ ಖಾರ ಅಂದೆ.

ಅಪ್ಪ ನೇಕಾರರ ಸೊಸೈಟಿಯಲ್ಲಿ ಸೀರೆ ನೋಡುವವ.
ಮೂವತ್ತು ವರ್ಷದಿಂದ ಅದೇ ಕಿಟಕಿ, ಅದೇ ಮಸೂರ,
ಎಡಗೈ ಬದಿಗೆ 'ಎರಡನೇ ದರ್ಜೆ'ಯ ಮುದ್ರೆ.
ಗೆಳೆಯರ ಸೀರೆಗೂ ಒತ್ತಿದ್ದಾನೆ,
ಒಮ್ಮೆ ಸ್ವಂತ ತಮ್ಮನದಕ್ಕೂ. ಚಿಕ್ಕಪ್ಪ ಎರಡು ದೀಪಾವಳಿ
ನಮ್ಮ ಹೊಸ್ತಿಲು ತುಳಿಯಲಿಲ್ಲ.

ರೊಟ್ಟಿ ಮುರಿಯುತ್ತಾ ಕೇಳಿದ:
"ತಪ್ಪಿದ ಎಳಿ ಯಾವುದು ಅಂತ ತೋರಿಸಿದರೇನು?"
ತೋರಿಸಿದರು.
"ಬೆಳಕಿಗೆ ಹಿಡದು?"
ಹೂಂ. ಮೂರು ಸಲ.
"ಹಂಗಾದರ ಛಲೋ ಮಂದಿ ಅವರು."
ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತ.
ಪುಂಡಿಪಲ್ಲೆ ಇನ್ನಷ್ಟು ಬಡಿಸಿದ, ಬೇಡ ಅಂದರೂ.
ಕೈ ತೊಳೆಯಲು ಎದ್ದವ ಬಾಗಿಲಲ್ಲಿ ನಿಂತು,
ನನಗಲ್ಲ, ಹಿತ್ತಲಿಗೆ ಅಂದ:
"ಮುದ್ರಿ ಒತ್ತಿದ ರಾತ್ರಿ ನನಗ ನಿದ್ದಿ ಬರತಿರಲಿಲ್ಲ.
ಅವರಿಗೂ ಬಂದಿರಲಿಕ್ಕಿಲ್ಲ."

ಈಗ ಕಪ್ಪತಗುಡ್ಡದಲ್ಲಿದ್ದೇನೆ, ಗಾಳಿಯಂತ್ರದ ಕೆಲಸ.
ಡೋಣಿಯಿಂದ ಬೈಕು, ಆಮೇಲೆ ಕಂಬದ ಹೊಟ್ಟೆಯೊಳಗೆ ಏಣಿ,
ಎಂಬತ್ತು ಮೀಟರು.
ಅಲಗಿಗೆ ಬೀಗ ಹಾಕಿ ಮುಚ್ಚಳ ತೆರೆದರೆ
ಗಾಳಿ ಹಳೆಯ ಪರಿಚಯದವನ ಹಾಗೆ ಕೊರಳಪಟ್ಟಿ ಹಿಡಿಯುತ್ತದೆ.
ಕೆಳಗೆ ಮುಂಡರಗಿಯ ಕರಿನೆಲ, ಶೇಂಗಾದ ಹಸಿರು,
ಕಾಲಿಗಿಂತ ಕೆಳಗೆ ತೇಲುವ ಒಂದು ಹದ್ದು.
ಅದರ ಇಳಿತ ನೋಡಬಾರದೆಂದು
ಗ್ರೀಸಿನ ಡಬ್ಬಿಯ ಕಡೆ ತಿರುಗುತ್ತೇನೆ.
ನೋಡಿಬಿಡುತ್ತೇನೆ.

ಇಳಿಯುವಾಗ ಮೆಟ್ಟಿಲು ಎಣಿಸುತ್ತೇನೆ,
ಇನ್ನೂರ ಎಂಬತ್ತೇಳು.
ಒಳಗೆ ಕತ್ತಲು, ಕೊರಳಿಗೆ ಕಟ್ಟಿದ ಬ್ಯಾಟರಿಯ ಬೆಳಕೊಂದೇ.
ನಾಲ್ಕು ವರ್ಷವಾಯಿತು, ಲೆಕ್ಕ ತಪ್ಪಿಲ್ಲ.
ಆದರೂ ದಿನವೂ ಕಾಲು
ಇನ್ನೊಂದು ಮೆಟ್ಟಿಲಿದೆ ಅಂದುಕೊಂಡು ಚಾಚುತ್ತದೆ,
ನೆಲ ಅದಕ್ಕೂ ಮೊದಲೇ ಬಂದು
ಹಿಮ್ಮಡಿಗೆ ಬಡಿಯುತ್ತದೆ.